ಸುಮ್ಮನೆ ಇಟ್ಟ ಕೈ

ನನ್ನ ಮಗಳು ಸೌಂದರ್ಯಳ ತಲೆನೋವನ್ನು ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಯಾರೂ ನಂಬುತ್ತಿರಲಿಲ್ಲ. ಜ್ವರವಾದರೆ ಮೈ ಮುಟ್ಟಿ ನೋಡಬಹುದು, ಗಾಯವಾದರೆ ರಕ್ತ ಕಾಣುತ್ತದೆ. ತಲೆನೋವಿಗೆ ಸಾಕ್ಷಿ ಎಲ್ಲಿಂದ ತರುವುದು? ಆರನೇ ಕ್ಲಾಸಿನ ಹುಡುಗಿ ಹಣೆ ಒತ್ತಿಕೊಂಡು ಕತ್ತಲೆ ಮೂಲೆ ಹುಡುಕಿ ಮಲಗಿದರೆ, ನನ್ನ ಗಂಡ ಕಿರಣ್‌ಕುಮಾರ್ "ನಾಳೆ ಲೆಕ್ಕದ ಟೆಸ್ಟ್ ಐತೇನೋ" ಎಂದು ನಗುತ್ತಿದ್ದ. ಅತ್ತೆ ಚಿನ್ನಕ್ಕ ಮೊಳಕಾಲ್ಮುರು ಕಡೆಯವರು, ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತದೆ. "ಅನ್ನೀ ನಾಟಕಾಲು, ಎಲ್ಲಾ ನಾಟಕ! ಶೇಂಗಾ ಬಿಡಿಸೋಕೆ ಕರೆದ್ರೆ ತಲೆನೋವು, ಟಿವಿ ಹಾಕಿದ್ರೆ ಮಾಯ" ಎನ್ನುತ್ತಿದ್ದರು.

ತೋರಿಸದ ಜಾಗವಿಲ್ಲ. ಕಣ್ಣು ಸರಿಯಿದೆ ಎಂದರು. ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲ. ಬೇರೆ ತಾಯಂದಿರಾದರೆ ದೇವರಿಗೆ ಕೈಮುಗಿಯುತ್ತಿದ್ದರು, ನನಗೆ ಮಾತ್ರ ತೋರಿಸಲು ಒಂದು ಸಾಕ್ಷಿಯೂ ಸಿಗಲಿಲ್ಲವಲ್ಲ ಎಂದು ಬೇಸರವಾಯಿತು. ಅತ್ತೆಯ ಹರಕೆಯೆಂದು ಜಟಿಂಗ ರಾಮೇಶ್ವರದ ಬೆಟ್ಟವನ್ನೂ ಹತ್ತಿಸಿದೆವು. ಇಳಿಯುವಾಗ ಮಗಳು ತಲೆ ಹಿಡಿದುಕೊಂಡು ಕೂತಳು. "ದೇವ್ರ ಮುಂದೂ ಸುಳ್ಳಾ?" ಎಂದು ಅತ್ತೆ ಬೈದರು.

ಆಗ ಚಳ್ಳಕೆರೆಯಲ್ಲಿ ಶಿಲ್ಪ ಎಂಬ ಡಾಕ್ಟರ್ ಮಕ್ಕಳ ತಲೆನೋವಿನ ಬಗ್ಗೆ ಒಂದು ಪರೀಕ್ಷೆ ನಡೆಸುತ್ತಿದ್ದಾರೆಂದು ಶಾಲೆಯ ಟೀಚರ್ ಹೇಳಿದರು. ಕೈರೋಪ್ರಾಕ್ಟಿಕ್ ಅಂತ ಚಿಕಿತ್ಸೆ, ಕತ್ತು ಬೆನ್ನುಗಳ ಕೀಲನ್ನು ಕೈಯಿಂದಲೇ ಒತ್ತಿ ಸರಿಮಾಡುವುದು. ಅದರಿಂದ ತಲೆನೋವು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ಅವರು ತಿಳಿಯಬೇಕಿತ್ತು. ಅರ್ಧ ಮಕ್ಕಳಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ತೋರಿಕೆಯದು. ಅವರಿಗೆ ಕೈಯನ್ನು ಸುಮ್ಮನೆ ಇಡುತ್ತಾರೆ, ಒತ್ತುವುದಿಲ್ಲ. ಯಾರಿಗೆ ಯಾವುದು ಎಂಬುದನ್ನು ಕೊನೆಯವರೆಗೂ ಹೇಳುವುದಿಲ್ಲ.

ನಾನು ತಕ್ಷಣ ಒಪ್ಪಿದೆ. ಕೀಲು ಸರಿದಿತ್ತು, ಕೂರಿಸಿದರು, ನೋವು ಹೋಯಿತು ಅಂತಾದರೆ ಎಲ್ಲರ ಬಾಯಿ ಮುಚ್ಚಿಸಬಹುದಲ್ಲ!

ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಎಣ್ಣೆ ಮಿಲ್ಲಿನ ವಾಸನೆ ಮೂಗಿಗೆ ಬಡಿದರೆ ಇಳಿಯುವ ಜಾಗ ಬಂತೆಂದು ಅರ್ಥ. ಡಾಕ್ಟರ್ ಮೊದಲು ಮಗಳನ್ನು ಕೂರಿಸಿಕೊಂಡು ನಿಧಾನವಾಗಿ ಮಾತಾಡಿಸುವರು. ಆಮೇಲೆ ಮಲಗಿಸಿ ಕತ್ತಿನ ಕೆಳಗೆ ಕೈ ಇಡುವರು. ಬರಬರುತ್ತಾ ನೋವು ಕಡಿಮೆಯಾಯಿತು. ಹುಡುಗಿ ಮತ್ತೆ ಕುಂಟೆಬಿಲ್ಲೆ ಆಡತೊಡಗಿದಳು. "ಮೂಳೆ ಸರಿದಿತ್ತೇನೋ ಪಾಪ" ಎಂದು ಅತ್ತೆಯೇ ಒಂದು ದಿನ ಹೇಳಿದರು. ಅತ್ತೆಗೊಂದು ಕಾಲವಾದರೆ ಸೊಸೆಗೊಂದು ಕಾಲ ಎಂದು ನಾನು ಒಳಗೊಳಗೇ ಬೀಗಿದೆ.

ಕೊನೆಯ ದಿನ ಡಾಕ್ಟರ್ ವಿಷಯ ಹೇಳಿದರು. ಸೌಂದರ್ಯಳಿಗೆ ಸಿಕ್ಕಿದ್ದು ತೋರಿಕೆಯ ಚಿಕಿತ್ಸೆ.

"ತಮಾಷೆ ಮಾಡ್ತಿದೀರಾ ಮೇಡಂ?" ಎಂದೆ.

"ಇಲ್ಲ ಪ್ರೇಮಲತಾ ಅವರೇ. ಎರಡೂ ಗುಂಪಿನಲ್ಲಿ ಕೆಲವರಿಗೆ ಕಡಿಮೆಯಾಗಿದೆ. ಯಾಕೆ ಅನ್ನೋದನ್ನ ನಾವಿನ್ನೂ ನೋಡಬೇಕು. ಆದರೆ ಇವಳಿಗೆ ನೋವಿದ್ದದ್ದಂತೂ ನಿಜ."

ಇದನ್ನು ಬಂದು ನಮ್ಮತ್ತೆಗೆ ಹೇಳಿ ಎನ್ನಬೇಕೆನಿಸಿತು. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಕಡೆ ತಿರುಗಿ ಕೇಳಿದಳು: "ಅವ್ವಾ, ಹಂಗಾದ್ರೆ ನಂಗೆ ನಿಜ್ವಾಗ್ಲೂ ನೋಯ್ತಿರ್ಲಿಲ್ವಾ?"

ಊರೆಲ್ಲ ಸುಳ್ಳಿ ಎಂದರೂ ತಾನು ಸುಳ್ಳಿಯಲ್ಲ ಎಂಬುದಾದರೂ ಅವಳಿಗೆ ಗೊತ್ತಿತ್ತು. ಈಗ ಅದೂ ಹೋಗುತ್ತಿತ್ತು.

"ನೋಯ್ತಿತ್ತು ಕಣೇ. ನಾನು ನೋಡಿಲ್ವಾ? ಮನೇಲಿ ಮಾತ್ರ ಇದನ್ನ ಹೇಳ್ಬೇಡ."

"ಹೇಳ್ದಿದ್ರೆ ಅದು ಸುಳ್ಳಾಗಲ್ವಾ?"

ಮನೆಗೆ ಹೋದವಳೇ ಸೌಂದರ್ಯ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದ ಅಜ್ಜಿಗೆ ಎಲ್ಲವನ್ನೂ ಹೇಳಿಬಿಟ್ಟಳು.

"ಬರೀ ಕೈ ಇಟ್ರೆ ಹೋಗೋ ನೋವು ಎಂಥಾ ನೋವೇ?" ಎಂದರು ಅತ್ತೆ. ಕಿರಣ್‌ಕುಮಾರ್ ತುಟಿಯಂಚಿನಲ್ಲೇ ನಕ್ಕ. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತೆ.

ಅಷ್ಟರಲ್ಲಿ ಸೌಂದರ್ಯ ಅಜ್ಜಿಯ ಕೈ ಹಿಡಿದು ಎಳೆದಳು. "ಬಾ ಅಜ್ಜಿ, ಹೆಂಗೆ ಅಂತ ತೋರಿಸ್ತೀನಿ."

ಮೊಮ್ಮಗಳ ಹಟಕ್ಕೆ ಅತ್ತೆ ಗೊಣಗುತ್ತಾ ಚಾಪೆಯ ಮೇಲೆ ಮಲಗಿದರು. ಸೌಂದರ್ಯ ಡಾಕ್ಟರಂತೆಯೇ ಪಕ್ಕದಲ್ಲಿ ಕೂತು ಕೇಳಿದಳು: "ಎಲ್ಲಿ ನೋಯುತ್ತೆ? ಯಾವಾಗಿಂದ?"

"ಎಲ್ಲಿ ನೋಯಲ್ಲ ಅಂತ ಕೇಳು" ಎಂದು ಅತ್ತೆ ನಕ್ಕರು.

"ಸರ್ಯಾಗಿ ಹೇಳ್ಬೇಕು ಅಜ್ಜಿ. ರಾತ್ರಿ ನಿದ್ದೆ ಬರುತ್ತಾ?"

ಅತ್ತೆಯ ನಗು ನಿಂತಿತು. "ಎಡಗಡೆ ಹೆಗಲು. ನಿಮ್ಮಪ್ಪ ಹುಟ್ಟಿದ ವರ್ಷದಿಂದ ಐತೆ. ಆ ಮಗ್ಗುಲಿಗೆ ಹೊರಳಿದ್ರೆ ಜೀವ ಹೋದಂಗಾಗ್ತೈತೆ, ನಿದ್ದೆ ಎಲ್ಲಿಂದ ಬರ್ಬೇಕು?"

ಅದೇ ಮನೆಯಲ್ಲಿ ಉಂಡು ಮಲಗುವ ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಕಿರಣ್‌ಕುಮಾರ್ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

ಸೌಂದರ್ಯ ಅಜ್ಜಿಯ ಕತ್ತಿನ ಕೆಳಗೆ ಎರಡೂ ಕೈ ಇಟ್ಟಳು. ಒತ್ತಲಿಲ್ಲ. ಅತ್ತೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ನಂತರ ಅವಳು ಕೈ ತೆಗೆಯಹೋದರೆ, "ಇರ್ಲಿ ಇಟ್ಟಿರು" ಎಂದರು.

ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ನಿಂಗೆ ಎಲ್ಲಿ ನೋಯ್ತಿತ್ತೇ ಪುಟ್ಟಿ?"

"ಇಲ್ಲಿ ಅಜ್ಜಿ" ಎಂದು ಸೌಂದರ್ಯ ಹಣೆಯ ಬಲಗಡೆ ಮುಟ್ಟಿಕೊಂಡಳು. ನಾಟಕ ಎಂದಾಗ, ಬೆಟ್ಟದ ಮೇಲೆ ಬೈಸಿಕೊಂಡಾಗ, ಒಂದು ಸಲವೂ ಅಳದ ಹುಡುಗಿ ಅಜ್ಜಿಯ ಎದೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.