ಪೊದೆಯ ಮೇಲಿನ ಹೊಗೆ

ಹಡಗು ಬಂದು ನಿಲ್ಲುವ ಆ ಹೊಳೆಯೂರಿನ ವಸ್ತುಸಂಗ್ರಹಾಲಯದಲ್ಲಿ, ಹಿಂಬದಿಯ ಕೋಣೆಯೊಂದರಲ್ಲಿ ಕೂತು ಅವಳು ಹಳೆಯ ಚಿತ್ರಗಳ ಕೊಳೆ ತೆಗೆಯುತ್ತಿದ್ದಳು. ಈಗ ಮೇಜಿನ ಮೇಲಿದ್ದದ್ದು ನೂರೈವತ್ತು ವರ್ಷದ ಹಿಂದಿನ ಬಂದರು: ಹಾಯಿ ಇಳಿಸಿದ ಹಡಗುಗಳು, ಕಲ್ಲಿನ ಗೋದಾಮು, ಆಚೆ ಹೊಳೆಯ ತಿರುವಿನಲ್ಲಿ ಒಂದಷ್ಟು ಪೊದೆ. ಪಕ್ಕದ ಮುಕ್ಕಾಲಿಯಲ್ಲಿ ಅವಳ ಸೋದರಮಾವ ಕೂತಿದ್ದ. ದೋಣಿಯ ಬಿರುಕಿಗೆ ನಾರು ತುರುಕಿ ಡಾಂಬರು ಮೆತ್ತುವ ಕಸುಬು ಅವನದು. ಉಗುರಿನ ಸಂದಿಯ ಕಪ್ಪು ಹುಟ್ಟಿನಿಂದಲೇ ಬಂದದ್ದೇನೋ ಅನ್ನಬೇಕು.

ಆ ತಿರುವಿನಲ್ಲೇ ಈಗ ದೋಣಿಯವರ ಕೇರಿ. ಅದನ್ನು ಎಬ್ಬಿಸಿ, ಜನ ಸಂಜೆ ಅಡ್ಡಾಡಲು ಹಾದಿ ಮಾಡುತ್ತೇವೆಂದು ಬಂದರಿನವರು ಹೊರಟಿದ್ದರು. ನೀವು ಮೊನ್ನೆ ಮೊನ್ನೆ ಬಂದು ಕೂತವರು ಎಂಬುದು ಅವರ ವಾದ. ಅಲ್ಲ ಎನ್ನಲು ಕೇರಿಯವರ ಕೈಯಲ್ಲಿ ಏನೂ ಇರಲಿಲ್ಲ. ನಾಳೆ ವಿಚಾರಣೆ. ಆ ಕೇರಿಯವನೇ ಆದ ಮಾವನಿಗೆ ಸಾಕ್ಷಿಯಾಗಿ ಉಳಿದಿದ್ದದ್ದು ಈ ಚಿತ್ರ ಒಂದೇ.

“ಪೊದೆ ಮೇಲೆ ಹೊಗೆ ಏಳ್ತಿದೆ ನೋಡು. ಪೊದೇಲಿ ಯಾರೇ ಒಲೆ ಹಚ್ತಾರೆ? ಮೊಲ ಅಡುಗೆ ಮಾಡ್ತಿತ್ತಾ?”

ಅದು ಅವಳ ತಲೆಯನ್ನೂ ಕೊರೆಯುತ್ತಿತ್ತು. ಕಿಟಕಿಯ ಓರೆ ಬೆಳಕಿಗೆ ಪೊದೆಯ ಹಸಿರು ಬೇರೆಯೇ ಕಾಣುತ್ತಿತ್ತು; ಮಂಕಾಗಿ, ಜೀವವಿಲ್ಲದ ಹಾಗೆ. ಚಿತ್ರ ಬರೆದವನ ಕೈ ಅಲ್ಲ ಅದು, ಆಮೇಲೆ ಯಾರೋ ಬಳಿದದ್ದು. ಅಡಿಯಲ್ಲಿ ಗುಡಿಸಲುಗಳಿದ್ದು, ಚಿತ್ರ ಕೊಂಡುಕೊಂಡ ವ್ಯಾಪಾರಿಯ ಕಣ್ಣಿಗೆ ಅವು ಚುಚ್ಚಿರಬೇಕು. ಸಂಗ್ರಹಾಲಯದ ಮೇಲಿನವರನ್ನು ಕಾಡಿ ಬೇಡಿ, ಪೊದೆಯಷ್ಟನ್ನು ಮಾತ್ರ ತೆಗೆಯಲು ಅವಳು ಒಪ್ಪಿಗೆ ಪಡೆದಿದ್ದಳು.

ಕಡ್ಡಿಗೆ ಹತ್ತಿ ಸುತ್ತಿ, ಬಣ್ಣ ಕರಗಿಸುವ ದ್ರಾವಕದಲ್ಲಿ ಅದ್ದಿ, ಮೆಲ್ಲಗೆ ಉರುಳಿಸಿದಳು.

“ಚಿತ್ರಕ್ಕೆ ಕಿವಿ ಗುಗ್ಗೆ ತೆಗೀತಿದ್ದೀಯೇನೇ? ಉಜ್ಜೇ ಜೋರಾಗಿ!”

“ಸುಮ್ನಿರು ಮಾಮ. ಇದೇನು ದೋಣಿ ತಳ ಅಲ್ಲ.”

ಹತ್ತಿ ಹಸಿರಾಯಿತು, ಬದಲಾಯಿಸಿದಳು, ಮತ್ತೆ ಹಸಿರಾಯಿತು. ಹೊತ್ತು ಇಳಿಯುವಷ್ಟರಲ್ಲಿ ಅಂಗೈಯಗಲದ ಪೊದೆ ಬಿಟ್ಟುಬಂತು. ಮಾವ ಬಗ್ಗಿ ನೋಡಿದ. ಅಡಿಯಲ್ಲಿ ಗುಡಿಸಲೂ ಇಲ್ಲ, ದೋಣಿಯೂ ಇಲ್ಲ. ಅಡ್ಡಾದಿಡ್ಡಿ ಗೀರುಗಳು, ನಡುವೆ ಬರಿಯ ಬಟ್ಟೆಯ ಎಳೆ.

“ಏನೇ ಇದು?”

“ಹಳೇದು ಅಡಿಯಿಂದ ಕಾಣಬಾರದು ಅಂತ ಚಾಕುವಿನಲ್ಲಿ ಹೆರೆದುಬಿಟ್ಟಿದ್ದಾರೆ ಮಾಮ. ಆಮೇಲೆ ಪೊದೆ ಬರೆದಿದ್ದಾರೆ.”

“ಹೆರೆದಿದ್ದಾರೆ ಅಂದ್ರೆ, ಇತ್ತು ಅಂತ ತಾನೇ?”

“ಏನೋ ಇತ್ತು. ಏನಿತ್ತು ತೋರಿಸು ಅಂದ್ರೆ ನಾನೇನು ತೋರಿಸ್ಲಿ?”

“ಮತ್ತೆ ಹೊಗೆ?”

“ಯಾರೋ ಕಸ ಸುಟ್ಟಿರಬೇಕು ಅಂತಾರೆ ನಾಳೆ ಬಂದರಿನವರು.”

ಮಾವ ಮುಕ್ಕಾಲಿಗೆ ಮರಳಿ, ಮೊಣಕಾಲ ಮೇಲೆ ಕೈ ಊರಿ ಕೂತ. ಬಾಗಿಲಲ್ಲಿ ಇಣುಕಿದ ಮೇಲಿನವರು, “ತೂತು ಬಿದ್ದ ಹಾಗೆ ಕಾಣ್ತಿದೆಯಲ್ಲಮ್ಮ. ಮೊದಲು ಹೇಗಿತ್ತೋ ಹಾಗೆ ಮಾಡಿಬಿಡು,” ಎಂದು ಹೇಳಿ ಹೋದರು.

ಅವಳು ಹಸಿರಿಗೆ ಚೂರು ಕಂದು ಬೆರೆಸಿ, ಸಣ್ಣ ಕುಂಚ ಎತ್ತಿಕೊಂಡಳು.

“ಬರೀ ಪೊದೆ ಬೇಡ ಕಣೇ,” ಎಂದ ಮಾವ. “ಒಲೆ ಹಚ್ಚಿದೋರಿಗೆ ನೆರಳಾಗೋ ಅಂಥ ಒಂದು ಮರನಾದ್ರೂ ಬರಿ.”

“ಇದ್ದ ಹಾಗೇ ಬರೀಬೇಕು ಮಾಮ.”

ಅವನು ಆಗಲಿ ಎಂಬಂತೆ ತಲೆಯಾಡಿಸಿದ. ಅವಳು ಹೊಳೆಯ ಕಡೆಯಿಂದ ಶುರುಮಾಡಿದಳು, ಒಂದೊಂದೇ ಎಲೆ.