ಹಿಂಗೋಡೆಯ ಕಿಟಕಿ

ಮೀನಿನ ಒಂದು ಮಗ್ಗುಲಿನ ಪೊರೆ ಕೆರೆದು ಇನ್ನೊಂದಕ್ಕೆ ಮಗುಚಿದ್ದಳು. ಅಷ್ಟರಲ್ಲಿ ಗಂಡ, ಹಳೆಯ ಮನೆಗಳನ್ನು ನೋಡಲು ಬಂದಿದ್ದ ನಗರಸಭೆಯ ಎಂಜಿನಿಯರನ್ನು ಕರೆದುಕೊಂಡು ಅಡುಗೆಮನೆಗೇ ಬಂದ. ಅವಳು ಕಿಟಕಿಯ ಬೆಳಕು ಬಿಟ್ಟು ಸರಿಯಲಿಲ್ಲ.

"ಎಂಥಾ ಸರಳತೆ ನೋಡಿ," ಎಂದ ಎಂಜಿನಿಯರು, ಕೈ ಚಾಚಿದರೆ ಎರಡೂ ಗೋಡೆ ತಾಗುವ ಕೋಣೆಯಲ್ಲಿ ನಿಂತು. "ಇಡೀ ಸಾಲಿಗೆ ಒಂದೇ ಹೆಂಚಿನ ಮಾಡು, ಎರಡು ಮನೆ ನಡುವೆ ಒಂದೇ ಗೋಡೆ. ಚೂರೂ ದಂಡ ಇಲ್ಲ."

ನಿಜವೇ. ಪಕ್ಕದ ಮನೆಯವನು ಕೆಮ್ಮಿದರೆ ಇಲ್ಲಿ ಮಲಗಿದವರು ಏಳಬೇಕು. ಬಂದರಿನ ಹಳೆಯ ಧಣಿ ಕೂಲಿಯವರಿಗೆಂದು ಕಟ್ಟಿಸಿದ ಸಾಲು. ಬೀದಿಯ ಕಡೆ ಕಮಾನಿನ ಬಾಗಿಲು, ಕಮಾನಿನ ಕಿಟಕಿ. ಹಾದುಹೋಗುವವರು ಧಣಿಯನ್ನು ಹೊಗಳಬೇಕಲ್ಲ. ಹಿಂದೆ ಬರೀ ಗೋಡೆ. ಅಲ್ಲಿದ್ದವರು ಹೆಂಗಸರು ತಾನೆ. ಅತ್ತೆಯ ಒಂದು ಕಣ್ಣು ಒಲೆಯ ಹೊಗೆಗೇ ಹೋಗಿತ್ತು. ಇನ್ನೊಂದಾದರೂ ಉಳಿಯಲೆಂದು ಅವರೇ ಹಾರೆ ಹಿಡಿದು ಒಡೆದ ಕಿಟಕಿ ಇದು.

"ಈ ತೂತು ಮುಚ್ಚಿಸ್ಬಿಡಿ," ಎಂಜಿನಿಯರು ಆ ಕಿಟಕಿಯತ್ತ ಬೆರಳು ತೋರಿಸಿದ. "ಮೂಲದಲ್ಲಿ ಇರ್ಲಿಲ್ಲ. ಆಮೇಲೆ ಪಾರಂಪರಿಕ ಮನೆ ಅಂತ ಫಲಕ ಹಾಕ್ತೀವಿ."

"ನಾಳೆನೇ ಗಾರೆಯವನನ್ನ ಕರೆಸ್ತೀನಿ ಸಾರ್," ಎಂದ ಗಂಡ. ಬಂದರಿನಲ್ಲಿ ಕ್ರೇನ್ ಓಡಿಸುವವನು. ಪಾರಂಪರಿಕ ಎಂಬ ಪದ ಕಲಿತಾಗಿನಿಂದ ಬಚ್ಚಲಿಗೂ ಎದೆಯುಬ್ಬಿಸಿಕೊಂಡೇ ಹೋಗುತ್ತಿದ್ದ.

"ಹೊಗೆ ಎಲ್ಲಿಗೆ ಹೋಗ್ಬೇಕು ರೀ?"

"ಮೊದ್ಲು ಹೋಗ್ತಿರ್ಲಿಲ್ವೇನೇ?"

"ನನ್ನ ಕಣ್ಣೊಳಗೆ ಹೋಗ್ತಿತ್ತು ಮಗಾ," ನಡುಮನೆಯ ಮಂಚದಿಂದ ಅತ್ತೆ ಕೂಗಿದರು. "ನಿಮ್ಮ ಸಾಹೇಬ್ರಿಗೂ ಒಂದಿನ ಒಲೆ ಊದೋಕೆ ಹೇಳು. ಸರಳತೆ ಗಂಟ್ಲಿಗಿಳಿಯುತ್ತೆ!"

"ಅಜ್ಜಿ ಒಳ್ಳೆ ತಮಾಷೆಯವರು," ಎಂಜಿನಿಯರು ನಕ್ಕ.

"ಸುಮ್ನಿರಮ್ಮ. ಮನೆ ಮರ್ಯಾದೆ ಪ್ರಶ್ನೆ," ಎಂದ ಮಗ. ಕುಡಿದ ಲೋಟವನ್ನು ಯಾವತ್ತೂ ಎತ್ತಿಡದವನಿಗೆ ಮನೆಯ ಮರ್ಯಾದೆ.

ಇಬ್ಬರೂ ಮುಂದಿನ ಕೋಣೆಗೆ ಹೋಗಿ ಕಮಾನಿನ ಕಿಟಕಿಯ ಕೆಳಗೆ ಕುಳಿತರು. ಬೆತ್ತದ ಕುರ್ಚಿ ಅತಿಥಿಗೆ. "ಈ ಕಿಟಕಿ ಮಾತ್ರ ಹಗಲೆಲ್ಲಾ ತೆರೆದಿಡಿ," ಎಂದ ಎಂಜಿನಿಯರು. "ಬೀದಿಗೆ ಇದೇ ಶೋಭೆ."

ಅವಳು ಕೈ ಒರೆಸಿಕೊಳ್ಳುತ್ತ ನಡುಬಾಗಿಲಲ್ಲಿ ನಿಂತಳು. ಅಗಲವಾದ ಕಿಟಕಿ. ಎಂಜಿನಿಯರು ಹಚ್ಚಿ ಮೇಜಿನ ಮೇಲಿಟ್ಟ ಸಿಗರೇಟಿನ ಹೊಗೆ ನೆಟ್ಟಗೆ ಬೀದಿಗೇ ಹೋಗುತ್ತಿತ್ತು. ಕುರ್ಚಿ, ಮೇಜು ತೆಗೆದು ಕಿಟಕಿ ಮುಚ್ಚಿ ಕತ್ತಲಾಗುವ ಹಿಂದಿನ ಕೋಣೆಗೆ ಹಾಕಿದರೆ ಇಲ್ಲಿ ಒಲೆಯೂ ಹಿಡಿಸುತ್ತದೆ, ಅತ್ತೆಯ ಮಂಚವೂ ಹಿಡಿಸುತ್ತದೆ. ಕಬ್ಬಿಣದ ಒಲೆ, ಒಬ್ಬಳಿಗೆ ಭಾರ. ನಾಳೆ ಗಂಡ ಕೆಲಸಕ್ಕೆ ಹೋದ ಮೇಲೆ ಗಾರೆಯವನು ಬರುತ್ತಾನಲ್ಲ, ಅವನೇ ಒಂದು ಕೈ ಹಚ್ಚಲಿ.

"ಏನೇ ನಿಂತ್ಬಿಟ್ಟೆ? ಒಪ್ಪಿಗೆ ತಾನೆ?"

"ಹೂಂ, ಮುಚ್ಚಿಸಿ," ಎಂದಳು.