ಸುವಾರ್ತಮ್ಮ ಮೈಕಿನಲ್ಲಿ ಹೇಳದ ಮಾತು

ನನ್ನ ಹೆಂಡತಿ ಸುವಾರ್ತಮ್ಮ ಹಿಂದೂಪುರದ ಹುಣಸೆ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸದವಳು. ಓದಿದ್ದು ಆರನೇ ಕ್ಲಾಸು. ಹೋದ ವರ್ಷ ನಮ್ಮ ಚರ್ಚಿನಲ್ಲಿ, ನೊಂದವರ ಮಾತು ಕೇಳಿ ಜೊತೆಗೆ ನಿಲ್ಲುವುದು ಹೇಗೆಂದು ಎಂಟು ಶನಿವಾರ ತರಬೇತಿ ನಡೆಸಿದರು. ಹೆಸರು ಕೊಟ್ಟವರಲ್ಲಿ ಟೀಚರುಗಳು, ನರ್ಸುಗಳು, ಬ್ಯಾಂಕಿನವರು ಇದ್ದರು. ಇವಳೂ ಕೊಟ್ಟಳು. "ನಿಂಗ್ಯಾಕೆ ಇದೆಲ್ಲ?" ಎಂದು ನಾನು ನಕ್ಕಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ತರಬೇತಿ ಮುಗಿದು ತಿಂಗಳಾಗಿರಲಿಲ್ಲ. ಮಂಡಿಯಲ್ಲಿ ಇವಳ ಪಕ್ಕ ಕೂರುವ ಉಮಾದೇವಿ ಅಳುತ್ತಾ ತನ್ನ ಅಣ್ಣನ ವಿಷಯ ಹೇಳಿದಳು. ಅಣ್ಣ ಓಬಳೇಶಪ್ಪ ಕಲ್ಯಾಣದುರ್ಗದಲ್ಲಿ ಟೈಲರ್. ನಾಲ್ಕು ತಿಂಗಳ ಹಿಂದೆ ಅವನ ಹೆಂಡತಿ ತಿಪ್ಪಕ್ಕ ಎದೆನೋವು ಬಂದು ತೀರಿಕೊಂಡಿದ್ದಳು. ಅಂದಿನಿಂದ ಅವನು ಅಂಗಡಿ ಬಾಗಿಲು ತೆಗೆದಿರಲಿಲ್ಲ, ಯಾರ ಜೊತೆಗೂ ಮಾತಿರಲಿಲ್ಲ.

"ನೀನೊಂದ್ಸಲ ಬಂದು ನೋಡಕ್ಕಾ," ಎಂದಳು ಉಮಾದೇವಿ.

ಸೋಮವಾರ ಉಮಾದೇವಿ, ಇವಳು, ನಾನು ಮೂವರೂ ಹೊರಟೆವು. ಮಡಕಶಿರಾ, ಪಾವಗಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಮುಟ್ಟುವಾಗ ಮಧ್ಯಾಹ್ನ. ಪಕ್ಕದ ಮನೆಯ ವೆಂಕಟರಾಯಪ್ಪ ಆಗಲೇ ಬಂದು ಬುದ್ಧಿ ಹೇಳುತ್ತಿದ್ದರು. "ಹಣೇಲಿ ಬರ್ದಿದ್ದು ಆಯ್ತದೆ. ಎದ್ದು ಅಂಗ್ಡಿ ತೆಗಿಯಪ್ಪಾ." ಓಬಳೇಶಪ್ಪ ಗೋಡೆ ನೋಡುತ್ತಾ ಕುಳಿತಿದ್ದ.

ಅವರು ಹೋದ ಮೇಲೆ ಸುವಾರ್ತಮ್ಮ ಅವನೆದುರು ನೆಲದ ಮೇಲೆ ಕುಳಿತಳು. ನಾನು ಹೊರಗೆ ಜಗಲಿಯಲ್ಲಿದ್ದೆ, ಬಾಗಿಲು ತೆರೆದಿತ್ತು. ಇವಳು ತಾನು ಯಾರೆಂದು ಹೇಳಿ ಸುಮ್ಮನಾದಳು. ಅರ್ಧ ಗಂಟೆಯಾದರೂ ಮಾತಿಲ್ಲ. ಇಷ್ಟು ದೂರ ಬಂದು ಹೀಗೆ ಕೂತರೆ ಏನಾಗುತ್ತದೆಂದು ನನಗೆ ಸಿಟ್ಟೇ ಬಂತು.

ಆಗ ಅವನ ದನಿ ಕೇಳಿಸಿತು. "ರಾತ್ರಿ ಎದೆನೋವು ಅಂದ್ಲು, ಬೆಳಿಗ್ಗೆ ಆಸ್ಪತ್ರೆಗೆ ಹೋಗಾನ ಅಂದೆ ಕಣಮ್ಮ. ಮದ್ವೆ ಮನೆಯವ್ರ ರವಿಕೆ ಹೊಲಿಯಾದಿತ್ತು. ಬೆಳಗಾಗೋಷ್ಟ್ರಲ್ಲಿ ಹೋಗ್ಬುಟ್ಳು."

ನಾನಾಗಿದ್ದರೆ ನಿನ್ನ ತಪ್ಪೇನಿಲ್ಲ ಬಿಡು ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದೆ. ಇವಳು, "ನಾಕು ತಿಂಗ್ಳಿಂದ ಇದನ್ನ ಒಬ್ನೇ ಹೊತ್ಕಂಡಿದ್ದೀಯಣ್ಣ," ಎಂದಳು ಅಷ್ಟೆ. ಅವನು ಗಟ್ಟಿಯಾಗಿ ಅತ್ತ. ಅಳು ನಿಲ್ಲುವವರೆಗೂ ಇವಳು ಕಾದಳು.

"ಅಣ್ಣಾ, ನೇರ ಕೇಳ್ತೀನಿ. ಸಾಯ್ಬೇಕು ಅಂತ ಮನ್ಸಿಗೆ ಬಂದೈತಾ?"

ಅವನು ಹೌದೆಂದು ತಲೆಯಾಡಿಸಿದ.

"ಹೇಳಿದ್ದು ಒಳ್ಳೇದಾಯ್ತು. ಇದು ನಾನೊಬ್ಳು ನೋಡೋ ಅಂಥದ್ದಲ್ಲ. ಇವತ್ತೇ ಡಾಕ್ಟ್ರ ಹತ್ರ ಹೋಗಾನ. ನಾನೂ ಬತ್ತೀನಿ." ಹೊರಡುವ ಮುನ್ನ ಕೇಳಿದಳು: "ಪ್ರಾರ್ಥ್ನೆ ಮಾಡ್ಲಾ? ಬ್ಯಾಡ ಅಂದ್ರೆ ಬ್ಯಾಡ."

"ನಮ್ ದೇವ್ರು ಬ್ಯಾರೆ ಕಣಮ್ಮ."

"ಪರ್ವಾಲೇದಣ್ಣ, ನಾನು ಬಸ್ನಾಗೆ ಮನ್ಸಲ್ಲೇ ಮಾಡ್ಕಂತೀನಿ."

ಅಂದೇ ಅನಂತಪುರಕ್ಕೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದೆವು. ಮಾತ್ರೆ ಕೊಟ್ಟರು, ಒಬ್ಬನನ್ನೇ ಬಿಡಬೇಡಿ ಎಂದರು. ಉಮಾದೇವಿ ಅಣ್ಣನ ಮನೆಯಲ್ಲೇ ಉಳಿದಳು.

ಆಮೇಲೆ ಆರು ತಿಂಗಳು, ಎರಡು ವಾರಕ್ಕೊಮ್ಮೆ ಸುವಾರ್ತಮ್ಮ ಕೂಲಿ ಬಿಟ್ಟು ಕಲ್ಯಾಣದುರ್ಗಕ್ಕೆ ಹೋದಳು. ಅವರೇನು ಮಾತಾಡಿದರೋ ನನಗೆ ತಿಳಿಯದು. "ಏನಂದ?" ಎಂದು ಕೇಳಿದರೆ, "ಹೊಟ್ಟೆ ತುಂಬಾ ಉಂಡೆ ಅಂದ," ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಬಾಯಿ ಬಿಟ್ಟವಳಲ್ಲ.

ಓಬಳೇಶಪ್ಪ ಮತ್ತೆ ಅಂಗಡಿ ತೆಗೆದ. ಆ ಸುದ್ದಿ ಚರ್ಚಿಗೆ ಮುಟ್ಟಿತು. ವಾರ್ಷಿಕ ಕೂಟದಲ್ಲಿ ಇವಳು ಇದರ ಸಾಕ್ಷಿ, ಅಂದರೆ ದೇವರು ಇವಳ ಮೂಲಕ ನಡೆಸಿದ್ದನ್ನು, ಎಲ್ಲರೆದುರು ಹೇಳಬೇಕೆಂದು ಪಾಸ್ಟರು ನಮ್ಮ ಮನೆಗೇ ಬಂದು ಕೇಳಿದರು.

"ಅದು ಆವಣ್ಣನ ಮಾತು ಪಾಸ್ಟರ್ ಗಾರು, ನಂದಲ್ಲ. ಮೈಕ್ನಾಗೆ ಎಂಗೆ ಹೇಳ್ಲಿ?" ಎಂದಳು.

"ಹೆಸರು ಹೇಳಬೇಡಮ್ಮ. ದೇವರ ಮಹಿಮೆಗಾಗಿ."

"ಕೇಳ್ದ್ರೆ ತನ್ ಕತೇನೇ ಅಂತ ಅವ್ನಿಗೆ ತಿಳೀತದಲ್ಲ. ನಂಬಿ ಹೇಳಿದ್ದನ್ನ ಊರಿಗೆಲ್ಲ ಹಂಚಿದ್ರೆ ಯೇಸಯ್ಯ ಮೆಚ್ತಾನಾ?"

ಪಾಸ್ಟರೆದುರು ಹಾಗೆ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಅವರು ಕೈ ಮುಗಿದು, "ನೀನು ಹೇಳಿದ್ದೇ ಸರಿ ತಾಯಿ," ಎಂದರು. ಅವರೂ ದೊಡ್ಡವರೇ.

ಈ ವರ್ಷ ಹೊಸ ತಂಡದ ತರಬೇತಿ ಶುರುವಾಯಿತು. ಮೊದಲ ಶನಿವಾರ ನಾವಿಬ್ಬರೂ ಹೋಗಿದ್ದೆವು. ಯಾರೂ ಕರೆಯದೆ, ತಂಗಿಯಿಂದ ತಿಳಿದು, ಓಬಳೇಶಪ್ಪ ಕಲ್ಯಾಣದುರ್ಗದಿಂದ ಬಂದ. ಮೈಕ್ ತೆಗೆದುಕೊಂಡು, ಹಿಂದೆ ಕೂತಿದ್ದ ಸುವಾರ್ತಮ್ಮನತ್ತ ಕೈ ತೋರಿಸಿ, ತನ್ನ ಕಥೆ ತಾನೇ ಹೇಳಿದ. "ಎಲ್ರೂ ನಂಗೆ ಬುದ್ಧಿ ಹೇಳಿದ್ರು. ಈಯಮ್ಮ ಒಬ್ಳೇ ನನ್ ಮಾತು ಕೇಳಿದ್ದು. ಇದನ್ನ ಯಾರಿಗ್ ಬೇಕಾದ್ರೂ ಹೇಳ್ರಿ, ನನ್ನಂಗೆ ಇರೋರು ಬದುಕ್ಲಿ." ಹಾಗೆಂದಿದ್ದರಿಂದಲೇ ನಾನು ಇಷ್ಟು ಹೇಳುತ್ತಿರುವುದು.

ಸಭೆಯೆಲ್ಲ ಹಿಂದಿನ ಸಾಲಿನತ್ತ ತಿರುಗಿತು. ಸುವಾರ್ತಮ್ಮ ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡುತ್ತಿದ್ದಳು. ನನ್ನ ಬಲಗಡೆ ಕೂತಿದ್ದ ಗೋರಂಟ್ಲದ ಮೇಷ್ಟ್ರು, "ಎವರಂಡೀ ಆಮೆ?" ಎಂದು ತೆಲುಗಿನಲ್ಲಿ ಪಿಸುಗುಟ್ಟಿ, ಆಕೆ ಯಾರೆಂದು ಕೇಳಿದರು.

"ನಮ್ಮನೆಯವ್ಳು," ಎಂದೆ. ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಎಡಗಡೆಯವರು ಕೇಳದಿದ್ದರೂ ಅವರ ಕಡೆ ಬಗ್ಗಿ, "ನಮ್ಮನೆಯವ್ಳು ಕಣಣ್ಣ," ಎಂದು ಇನ್ನೊಮ್ಮೆ ಹೇಳಿದೆ.